ಎರಡನೆಯ ಸಲ ಕರೆದಾಗ

ಲೈಸೆನ್ಸ್ ಕಚೇರಿಯ ನಾಲ್ಕನೇ ಕೌಂಟರಿನಲ್ಲಿದ್ದ ಮಹಿಳೆ ಒಳ್ಳೆಯವಳೇ. ಕ್ಯಾಪ್ಟನ್ ಕೊಟ್ಟ ಹಳೇ ಲೈಸೆನ್ಸನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬೆಳಕಿಗೆ ಒಡ್ಡಿ, ಮೊಹರನ್ನು ಬೆರಳಿನಿಂದ ಸವರಿ, ಗೌರವದಿಂದಲೇ ವಾಪಸು ಕೊಟ್ಟಳು.

"ಇದು ಅಸಲಿನೇ ಸರ್. ಅನುಮಾನವೇ ಇಲ್ಲ. ಆದ್ರೆ ಇಲ್ಲಿ ನಡೆಯಲ್ಲ."

"ಹನ್ನೊಂದು ಸಾವಿರದ ನಾನೂರು ಗಂಟೆ ವಿಮಾನ ಹಾರಿಸಿದೀನಮ್ಮ."

"ಗಂಟೆಗಳು ನಡೀತವೆ ಸರ್. ಲೈಸೆನ್ಸ್ ನಡೆಯಲ್ಲ."

ಹಾಗೆಂದು ಅವಳು ಒಂದು ಹಾಳೆಯನ್ನು ಗಾಜಿನ ಕೆಳಗಿನ ಸಂದಿನಿಂದ ಆಚೆ ತಳ್ಳಿದಳು. ಹದಿಮೂರು ಪೇಪರು, ಒಂದೊಂದರಲ್ಲೂ ನೂರಕ್ಕೆ ಎಪ್ಪತ್ತೈದು ಬರಬೇಕು. ಮೊದಲ ದರ್ಜೆಯ ವೈದ್ಯಕೀಯ ತಪಾಸಣೆ ಆಗಬೇಕು. ಈ ಲೈಸೆನ್ಸ್ ನಾವೇ ಕೊಟ್ಟದ್ದು, ಈ ಮನುಷ್ಯನ ಮೇಲೆ ಯಾವ ದೂರೂ ಇಲ್ಲ ಎಂದು ಹಿಂದಿನ ದೇಶದ ಕಚೇರಿ ನೇರವಾಗಿ ಈ ಕಚೇರಿಗೆ ಪತ್ರ ಬರೆಯಬೇಕು. ಕಡೆಗೆ ಸಿಮ್ಯುಲೇಟರಿನಲ್ಲಿ, ಅಂದರೆ ವಿಮಾನದ ಮೂತಿಯನ್ನಷ್ಟೇ ಕತ್ತರಿಸಿ ತಂದು ನೆಲಕ್ಕೆ ಕಟ್ಟಿಹಾಕಿದಂತಿರುವ ಯಂತ್ರದಲ್ಲಿ, ಪರೀಕ್ಷಕನನ್ನು ಬೆನ್ನ ಹಿಂದೆ ಕೂರಿಸಿಕೊಂಡು ನಾಲ್ಕು ಗಂಟೆ ಹಾರಿಸಿ ತೋರಿಸಬೇಕು. ಮೊದಲ ಪೇಪರು ಬರೆದ ದಿನದಿಂದ ಹದಿನೆಂಟು ತಿಂಗಳೊಳಗೆ ಎಲ್ಲ ಮುಗಿಯಬೇಕು. ಒಂದು ದಿನ ಮೀರಿದರೂ ಮತ್ತೆ ಒಂದನೇ ಪೇಪರಿನಿಂದ.

ಪಕ್ಕದ ಕುರ್ಚಿಯಲ್ಲಿ ಫೈಲು ಅಪ್ಪಿಕೊಂಡು ಕೂತಿದ್ದ ಹೆಂಡತಿಗೆ ಈ ಮಾತಿನ ಧಾಟಿ ಹೊಸದಲ್ಲ. ಹದಿನಾರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ಅವಳು. ಈ ಊರಿಗೆ ಬಂದ ಮೊದಲ ತಿಂಗಳಲ್ಲೇ ಅವಳ ಪ್ರಮಾಣಪತ್ರಕ್ಕೂ ಇನ್ನೊಂದು ಕಚೇರಿಯ ಇನ್ನೊಂದು ಕೌಂಟರಿನಲ್ಲಿ ಇದೇ ಉತ್ತರ ಸಿಕ್ಕಿತ್ತು. ಅವಳು ಹೆಚ್ಚು ವಾದ ಮಾಡದೆ ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕೆ ಸೇರಿಕೊಂಡಳು. ಮನೆಯಲ್ಲಿ ಒಬ್ಬರಾದರೂ ಮೊದಲು ದಡ ಸೇರಲಿ, ಆಮೇಲೆ ಇನ್ನೊಬ್ಬರ ವಿಚಾರ ಅನ್ನುವುದು ಅವಳ ಅನಿಸಿಕೆ. ಗಂಡ ಇಪ್ಪತ್ತೆರಡು ವರ್ಷ ದುಡಿದ ವಿಮಾನ ಕಂಪನಿ ಒಂದೇ ವಾರದಲ್ಲಿ ಬಾಗಿಲು ಹಾಕಿತ್ತು. ಇಲ್ಲಿನ ಕಂಪನಿಯೊಂದು, ಲೈಸೆನ್ಸ್ ಬದಲಾಯಿಸಿಕೊಂಡು ಬನ್ನಿ, ಸೀಟು ಕಾದಿರಿಸಿರುತ್ತೇವೆ ಎಂದು ಬರೆದುಕೊಟ್ಟಿತ್ತು. ಆ ಒಂದು ಪತ್ರವನ್ನು ನಂಬಿ ಮೂವರೂ ಗಂಟುಮೂಟೆ ಕಟ್ಟಿಕೊಂಡು ಬಂದಿದ್ದರು. ಅವನಿಗೆ ಐವತ್ತೊಂದು, ಅವಳಿಗೆ ನಲವತ್ತಾರು, ಮಗಳಿಗೆ ಹದಿನೈದು.

ಮೂರನೇ ಮಹಡಿಯ ಮನೆಯ ಅಡುಗೆಮನೆಯಲ್ಲೇ ಪಾಠಶಾಲೆ ಶುರುವಾಯಿತು. ಲಾಂಡ್ರಿಯಿಂದ ಎರಡೂವರೆಗೆ ಬಂದು, ಕಾಲಿಗೆ ಬಿಸಿನೀರು ಹಾಕಿಕೊಂಡು, ಚಹಾ ಕುಡಿದು ಅವಳು ಪ್ರಶ್ನೆಗಳ ದಪ್ಪ ಪುಸ್ತಕ ತೆಗೆಯುತ್ತಿದ್ದಳು. ಒಟ್ಟು ಒಂಬತ್ತು ಸಾವಿರ ಪ್ರಶ್ನೆ. ಅವಳು ಓದಬೇಕು, ಅವನು ಉತ್ತರ ಹೇಳಬೇಕು. ತಪ್ಪಿದರೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ. ವಿಮಾನ ಹಾರಿಸುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಆದರೆ ಮೂವತ್ತು ವರ್ಷದ ಹಿಂದೆ ಓದಿದ್ದ ಸೂತ್ರಗಳು ಯಾವತ್ತೋ ತಲೆಯಿಂದ ಇಳಿದುಹೋಗಿದ್ದವು.

"ಮೋಡ ಎಷ್ಟು ಬಗೆ ಅಂತ ಕೇಳಿದ್ರೆ ಒಂದು ನಿಮಿಷ ಬೇಕಾ ರೀ? ದಿನಾ ಅದರೊಳಗೇ ಓಡಾಡ್ತಿದ್ರಲ್ಲ!"

"ಒಳಗೆ ಹೋದಾಗ ಹೆಸರು ಕೇಳಿಕೊಂಡು ಹೋಗ್ತೀವಾ ಟೀಚರ್? ಅಲ್ಲಾಡಿಸಿದ್ರೆ ಕೆಟ್ಟದ್ದು, ಸುಮ್ಮನಿದ್ರೆ ಒಳ್ಳೇದು."

ಮಗಳಿಗೆ ಇದೊಂದು ತಮಾಷೆ. "ಕ್ಯಾಪ್ಟನ್ ಇವತ್ತು ಎಷ್ಟು ಚುಕ್ಕೆ?" ಎಂದು ಕೇಳುತ್ತ ಸ್ಕೂಲಿನಿಂದ ಬರುತ್ತಿದ್ದಳು. ಒಂದೊಂದು ದಿನ ಫ್ರಿಜ್ಜಿಗೆ ಫೋನು ಒರಗಿಸಿಟ್ಟು, ಅಮ್ಮ ಗದರುವುದನ್ನೂ ಅಪ್ಪ ತಲೆ ಕೆರೆದುಕೊಳ್ಳುವುದನ್ನೂ ವಿಡಿಯೋ ಮಾಡುತ್ತಿದ್ದಳು. ಆರು ತಿಂಗಳಲ್ಲಿ ಏಳು ಪೇಪರು ಮುಗಿದವು. ಒಂದರಲ್ಲೂ ಎಂಬತ್ತೈದಕ್ಕೆ ಕಡಿಮೆ ಇಲ್ಲ.

ಮೊದಲನೆಯದು ಯಾವತ್ತು ಆಯಿತು ಎಂದು ಆಮೇಲೆ ಅವಳು ಎಷ್ಟು ತಡಕಾಡಿದರೂ ಸಿಗಲಿಲ್ಲ. ನೆನಪಿರುವ ಮೊದಲನೆಯದು ಒಂದು ಮಂಗಳವಾರದ್ದು. ರೇಡಿಯೋ ಸಂಕೇತ ಹಿಡಿದು ದಿಕ್ಕು ಕಂಡುಕೊಳ್ಳುವ ಬಗ್ಗೆ ಏನೋ ಕೇಳಿದ್ದಳು. ಅವನು ಉತ್ತರ ಕೊಡಲಿಲ್ಲ. ಯೋಚಿಸುತ್ತಿದ್ದಾನೆ ಅಂದುಕೊಂಡು ಕಾದಳು. ಅವನ ಕಣ್ಣು ಅವಳ ಭುಜದಾಚೆ ಸಿಂಕಿನ ಮೇಲೆ ನೆಟ್ಟಿತ್ತು. ಬಲಗೈ ಬೆರಳುಗಳು ಅಂಗಿಯ ಎರಡನೇ ಗುಂಡಿಯನ್ನು ಬಿಚ್ಚುವುದಕ್ಕೂ ಅಲ್ಲದೆ ಹಾಕುವುದಕ್ಕೂ ಅಲ್ಲದೆ ಹೊರಳಿಸುತ್ತಿದ್ದವು. ತುಟಿ ಏನೋ ಚಪ್ಪರಿಸಿದ ಹಾಗೆ ಅಲ್ಲಾಡಿತು. ಆಮೇಲೆ ಅವನು ತಲೆಯೆತ್ತಿ, "ಬಿ," ಅಂದ.

"ಯಾವುದಕ್ಕೆ ಬಿ?"

"ನೀನು ಕೇಳಿದ್ದಕ್ಕೆ."

ಅವನು ಹೇಳಿದ್ದು ಅದಕ್ಕೂ ಹಿಂದಿನ, ಆಗಲೇ ಒಮ್ಮೆ ಉತ್ತರಿಸಿದ್ದ ಪ್ರಶ್ನೆಯ ಉತ್ತರ. ಆಮೇಲೆ ಅವಳು ಇನ್ನೊಂದು ಪ್ರಶ್ನೆ ಓದಿದ್ದೇ ಅವನಿಗೆ ಗೊತ್ತಿರಲಿಲ್ಲ. ವಯಸ್ಸಾಯ್ತು ಕ್ಯಾಪ್ಟನ್ ಎಂದು ನಕ್ಕು ಅವಳು ಪುಟ ತಿರುಗಿಸಿದಳು.

ಒಂದು ವಾರ ಕಳೆದಿರಬೇಕು. ಮಗಳನ್ನು ಸ್ಕೂಲಿನಿಂದ ಕರೆತರುವಾಗ ಸಿಗ್ನಲ್ಲಿನಲ್ಲಿ ಹಸಿರು ಬಂದರೂ ಕಾರು ಹೊರಡಲಿಲ್ಲವಂತೆ. ಹಿಂದಿನವರೆಲ್ಲ ಹಾರನ್ ಹೊಡೆದು ಹೊಡೆದು ಸಾಕಾಗಿ ಪಕ್ಕದಿಂದ ಹಾದುಹೋದರಂತೆ. "ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡಿದ ಅಪ್ಪ," ಎಂದು ಮಗಳು ಹೇಳಿದಳು. ಹೇಳುವಾಗ ನಕ್ಕಳು. ಆದರೆ ಮಾರನೇ ದಿನದಿಂದ ತಾನು ಬಸ್ಸಿನಲ್ಲೇ ಬರುತ್ತೇನೆ, ಗೆಳತಿಯರೆಲ್ಲ ಬಸ್ಸಿನಲ್ಲೇ ಬರುತ್ತಾರೆ ಎಂದು ಹಟ ಹಿಡಿದಳು. ಆ ಹಟದ ಅರ್ಥ ಅಮ್ಮನಿಗೆ ಆಗ ಹೊಳೆಯಲಿಲ್ಲ.

ಒಂಬತ್ತನೇ ಪೇಪರು ಮನುಷ್ಯನ ಮೈಮನಸ್ಸಿಗೆ ಸಂಬಂಧಿಸಿದ್ದು. ಎತ್ತರಕ್ಕೆ ಹೋದರೆ ಉಸಿರಾಟ ಏನಾಗುತ್ತದೆ, ಕತ್ತಲಲ್ಲಿ ಕಣ್ಣು ಹೇಗೆ ಮೋಸ ಮಾಡುತ್ತದೆ, ದಣಿದ ಮನುಷ್ಯ ಎಂಥ ತಪ್ಪು ಮಾಡುತ್ತಾನೆ. ವಿಜ್ಞಾನದ ಟೀಚರಿಗೆ ಇದು ಇಷ್ಟದ ಪಾಠ. ಹಾರುತ್ತಿರುವಾಗಲೇ ಪೈಲಟ್ ಕೈಲಾಗದವನಾಗಲು ಅತಿ ಸಾಮಾನ್ಯ ಕಾರಣ ಯಾವುದು ಎಂದು ಓದಿದಳು.

"ಹೊಟ್ಟೆ ಕೆಡೋದು," ಎಂದ ಅವನು ಥಟ್ಟನೆ. "ಹಾರ್ಟ್ ಅಟ್ಯಾಕ್ ಅಂತ ಎಲ್ಲರೂ ಬರೀತಾರೆ. ತಪ್ಪು. ಕ್ಯಾಪ್ಟನ್‌ಗೂ ಕೋ-ಪೈಲಟ್‌ಗೂ ಒಂದೇ ಊಟ ಕೊಡಬಾರದು ಅನ್ನೋದು ಅದಕ್ಕೇ."

ಅವಳು ನಗುತ್ತಲೇ ಮುಂದಿನದಕ್ಕೆ ಹೋದಳು. ಅದು ಉದ್ದನೆಯ ಪ್ಯಾರಾ. ಪೈಲಟ್ ಕೈಲಾಗದವನಾಗುವುದರಲ್ಲಿ ಎರಡು ಬಗೆ. ಒಂದು, ಎಲ್ಲರಿಗೂ ಕಾಣುವಂಥದ್ದು: ಕುಸಿದು ಬೀಳುವುದು, ಕೂಗಾಡುವುದು. ಇನ್ನೊಂದು ಸದ್ದಿಲ್ಲದ್ದು. ಕಣ್ಣು ತೆರೆದೇ ಇರುತ್ತದೆ, ಕೈ ಹಿಡಿಕೆಯ ಮೇಲೇ ಇರುತ್ತದೆ, ನೋಡಿದವರಿಗೆ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ಆದರೆ ಆ ಮನುಷ್ಯ ಅಲ್ಲಿರುವುದಿಲ್ಲ. ತಾನು ಇರಲಿಲ್ಲ ಎನ್ನುವುದು ಅವನಿಗೆ ಆಮೇಲೂ ತಿಳಿಯದಿರಬಹುದು. ಎರಡನೆಯದೇ ಹೆಚ್ಚು ಅಪಾಯ.

ಅವಳು ಪ್ಯಾರಾದ ಮೇಲೆ ಬೆರಳಿಟ್ಟು ಮತ್ತೆ ಮೊದಲಿನಿಂದ ಮನಸ್ಸಿನಲ್ಲೇ ಓದಿಕೊಂಡಳು.

"ಏನಾಯ್ತು? ಪ್ರಶ್ನೆ ಕೇಳು."

"ಇಂಥದ್ದನ್ನು ಪಕ್ಕದ ಪೈಲಟ್ ಹೇಗೆ ಕಂಡುಹಿಡೀಬೇಕು?"

"ಕರೆದಾಗ ಉತ್ತರ ಬರ್ಲಿಲ್ಲ ಅಂದ್ರೆ ಇನ್ನೊಂದು ಸಲ ಕರೀಬೇಕು. ಎರಡನೇ ಸಲವೂ ಉತ್ತರ ಇಲ್ಲ ಅಂದ್ರೆ ಕಂಟ್ರೋಲ್ ತಗೋಬೇಕು. ಯಾಕೆ, ಏನು ಅಂತ ಕೇಳ್ತಾ ಕೂರಬಾರದು." ಸರಿಯುತ್ತರ. ಚುಕ್ಕೆ ಇಲ್ಲ. "ಮುಂದಿಂದು?"

ಮುಂದಿನದನ್ನು ಓದಿದಳು. ಏನು ಓದಿದೆ ಎಂದು ಅವಳಿಗೇ ಗೊತ್ತಾಗಲಿಲ್ಲ.

ಅವತ್ತಿನಿಂದ ಅವಳ ಕಣ್ಣು ಅವನ ಬೆರಳುಗಳ ಮೇಲೆ ನಿಂತುಬಿಟ್ಟಿತು. ಬ್ರೆಡ್ಡಿಗೆ ಬೆಣ್ಣೆ ಸವರುವಾಗ, ಸಾಕ್ಸ್ ಹಾಕಿಕೊಳ್ಳುವಾಗ, ಟೀವಿ ನೋಡುವಾಗ. ಸುಮ್ಮನೆ ಹೆದರಿಕೊಂಡು ಕೂರುವ ಜಾತಿಯವಳಲ್ಲ ಅವಳು. ಪ್ರಯೋಗಶಾಲೆಯ ಅಭ್ಯಾಸ. ಲಾಂಡ್ರಿಯ ಹಳೇ ಚೀಟಿಗಳ ಹಿಂದೆ ದಿನಾಂಕ, ಹೊತ್ತು, ಗೋಡೆ ಗಡಿಯಾರ ನೋಡಿ ಎಷ್ಟು ಸೆಕೆಂಡು ಎಂದು ಬರೆದಿಡತೊಡಗಿದಳು. ಇಪ್ಪತ್ತು. ಮೂವತ್ತೈದು. ಹದಿನೈದು. ಒಂದು ಸಲ ಐವತ್ತು. ಪ್ರತಿ ಸಲವೂ ಎರಡು ಬಾರಿ ಕರೆಯುತ್ತಿದ್ದಳು. "ರೀ." ಉತ್ತರ ಇಲ್ಲ. "ರೀ, ನಿಮಗೇ ಹೇಳ್ತಿರೋದು." ಉತ್ತರ ಇಲ್ಲ. ಅಡುಗೆಮನೆಯಲ್ಲಿ ಫ್ರಿಜ್ಜಿನ ಗುರುಗುರು ಬಿಟ್ಟರೆ ಬೇರೆ ಸದ್ದಿಲ್ಲ. ಎದುರಿಗೆ ಕೂತಿರುವುದು ಇಪ್ಪತ್ತು ವರ್ಷ ಜೊತೆಗೆ ಬಾಳಿದ ಗಂಡ, ಗುಂಡಿ ಹೊರಳಿಸುತ್ತ. ಆ ಹೊತ್ತಿನಲ್ಲಿ ಅವಳಿಗೆ ಅವನನ್ನು ಮುಟ್ಟಲೂ ಕೈ ಬರುತ್ತಿರಲಿಲ್ಲ. ಐದು ವಾರದಲ್ಲಿ ಏಳು ಚೀಟಿಯಾದವು.

ಲಾಂಡ್ರಿಯ ಕಿಟಕಿ ವಿಮಾನ ನಿಲ್ದಾಣದ ಕಡೆಗಿತ್ತು. ಮೂರು ಮೂರು ನಿಮಿಷಕ್ಕೆ ಒಂದು ವಿಮಾನ ಚಕ್ರ ಇಳಿಬಿಟ್ಟು ಮನೆಗಳ ಮಾಡಿನ ಮೇಲಿಂದ ಇಳಿಯುತ್ತಿತ್ತು. ಮೊದಲೆಲ್ಲ ಅದನ್ನು ನೋಡಿದರೆ ಎದೆ ಉಬ್ಬುತ್ತಿತ್ತು. ಇನ್ನು ಸ್ವಲ್ಪ ದಿನ, ಇದರಲ್ಲೊಂದು ನಮ್ಮವರದು. ಈಗ ಅದರ ನೆರಳು ಇಸ್ತ್ರಿ ಮೇಜಿನ ಬಿಳೀ ಬಟ್ಟೆಯ ಮೇಲೆ ಹರಿದುಹೋದಾಗಲೆಲ್ಲ ಕೈ ನಿಲ್ಲುತ್ತಿತ್ತು. ನೂರ ಎಂಬತ್ತು ಸೀಟು. ಐವತ್ತು ಸೆಕೆಂಡು. ಒಂದು ದಿಂಬಿನ ಚೀಲ ಸುಟ್ಟು ಮೇಲ್ವಿಚಾರಕಿಯಿಂದ ಬೈಸಿಕೊಂಡಳು.

ವೈದ್ಯಕೀಯ ತಪಾಸಣೆಯ ದಿನ ಅವಳೂ ಜೊತೆಗೆ ಹೋದಳು. ಅಲ್ಲಿ ಸಿಕ್ಕಿಬಿದ್ದರೆ ತನ್ನ ಬಾಯಿಂದ ಹೇಳುವ ಕಷ್ಟ ತಪ್ಪುತ್ತದೆ ಎಂಬ ಆಸೆ ಒಳಗೊಳಗೇ ಇತ್ತು. ಕಾಯುವ ಕೋಣೆಯಲ್ಲಿ ಅವನು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಅರ್ಜಿ ತುಂಬುತ್ತಿದ್ದ. ಎಂದಾದರೂ ಪ್ರಜ್ಞೆ ತಪ್ಪಿದ್ದುಂಟೇ? ಇಲ್ಲ. ತಲೆಸುತ್ತು? ಇಲ್ಲ. ಮೂರ್ಛೆ? ಇಲ್ಲ. ಗುರುತು ಹಾಕುವಾಗ ಅವನ ಪೆನ್ನು ಒಂದಿಷ್ಟೂ ತಡವರಿಸಲಿಲ್ಲ. ಅವನು ಸುಳ್ಳು ಬರೆಯುತ್ತಿಲ್ಲ ಎಂದು ಅವಳಿಗೆ ಗೊತ್ತು.

ಕಣ್ಣು ನೋಡಿದರು, ಕಿವಿ ನೋಡಿದರು, ಎದೆಗೆ ತಂತಿ ಅಂಟಿಸಿ ನೋಡಿದರು, ರಕ್ತ ತೆಗೆದರು. ತಲೆಯೊಳಗೆ ಇಣುಕುವುದು ಆ ಪಟ್ಟಿಯಲ್ಲಿರಲಿಲ್ಲ. ನರೆತ ಕೂದಲಿನ ಡಾಕ್ಟರಮ್ಮ ಹೊರಗೆ ಬಂದು, "ನಿಮ್ಮ ಯಜಮಾನರ ಹೃದಯ ಮೂವತ್ತರ ಹುಡುಗನದ್ದು," ಎಂದು ನಕ್ಕರು. ಮೊಹರು ಬಿತ್ತು. ಅವನು ಬರುವ ದಾರಿಯಲ್ಲಿ ಕೇಕು ಕೊಂಡ.

ಇನ್ನು ತಡೆದುಕೊಳ್ಳಲಾಗಲಿಲ್ಲ. ಮಾರನೇ ಮಧ್ಯಾಹ್ನ ಚೀಟಿಗಳನ್ನು ತಂದು ಅವನ ಮುಂದೆ ಸಾಲಾಗಿ ಇಟ್ಟಳು.

"ಏನಿದು?"

"ನಿಮಗೆ ಒಂಥರಾ ಆಗುತ್ತೆ ರೀ. ಇದ್ದಕ್ಕಿದ್ದ ಹಾಗೆ ಸುಮ್ಮನಾಗಿಬಿಡ್ತೀರಿ. ಕರೆದ್ರೂ ಕೇಳಿಸಲ್ಲ. ಇವೆಲ್ಲ ನಾನು ನೋಡಿದ್ದು."

ಅವನು ಒಂದೊಂದನ್ನೇ ಎತ್ತಿ ಓದಿದ. ಮೊದಲು ನಗು ಬಂತು, ಆಮೇಲೆ ಮುಖ ಗಂಟಾಯಿತು. "ಯೋಚನೆ ಮಾಡ್ತಾ ಇರ್ತೀನಿ. ಒಂಬತ್ತು ಸಾವಿರ ಪ್ರಶ್ನೆ ತಲೇಲಿ ಇಟ್ಕೊಂಡೋನು ಸುಮ್ಮನೆ ಕೂರೋದೂ ತಪ್ಪಾ?"

"ಯೋಚನೆ ಅಲ್ಲ ಅದು. ಒಬ್ಬ ಒಳ್ಳೇ ಡಾಕ್ಟರ್‌ಗೆ ತೋರಿಸಿ ಬರೋಣ. ಏನೂ ಇಲ್ಲ ಅಂದ್ರೆ ನಾನೇ ತಪ್ಪು ಅಂತ ಒಪ್ಕೋತೀನಿ."

"ನಿನ್ನೆ ತಾನೇ ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟಿದಾರೆ! ಅವರಿಗಿಂತ ನೀನು ಹೆಚ್ಚಾ? ನನ್ನ ಬೆನ್ನ ಹಿಂದೆ ಸೆಕೆಂಡ್ ಎಣಿಸ್ತಾ ಕೂತಿದೀಯ. ಬಟ್ಟೆ ಇಸ್ತ್ರಿ ಮಾಡೋಳು ಅದನ್ನ ಮಾಡು, ಸಾಕು."

ಇಪ್ಪತ್ತು ವರ್ಷದಲ್ಲಿ ಅವನ ಬಾಯಿಂದ ಅಂಥ ಮಾತು ಬಂದಿರಲಿಲ್ಲ. ಆಡಿದವನಿಗೂ ಅದು ತಟ್ಟಿತು. ಆದರೆ ಹಿಂತೆಗೆದುಕೊಳ್ಳಲಿಲ್ಲ. ಚೀಟಿಗಳನ್ನು ಮಡಿಸಿ ಕಸದ ಡಬ್ಬಿಗೆ ಹಾಕಿ, ಪ್ರಶ್ನೆಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡ. ಉಳಿದ ನಾಲ್ಕು ಪೇಪರನ್ನು ಒಬ್ಬನೇ ಓದಿ ಬರೆದ. ನಾಲ್ಕರಲ್ಲೂ ತೊಂಬತ್ತು ದಾಟಿತು. ಪ್ರತಿ ಫಲಿತಾಂಶದ ಹಾಳೆಯನ್ನೂ ಮಾತಿಲ್ಲದೆ ತಂದು ಅವಳ ತಟ್ಟೆಯ ಪಕ್ಕ ಇಡುತ್ತಿದ್ದ. ಮನೆಯಲ್ಲಿ ಮಾತು ಉಪ್ಪು ಕೊಡು, ಬಾಗಿಲು ಹಾಕು ಅನ್ನುವಷ್ಟಕ್ಕೆ ಇಳಿಯಿತು. ಮಗಳು ಇಬ್ಬರ ಮುಖ ನೋಡುತ್ತ ಊಟ ಮುಗಿಸಿ ಎದ್ದುಹೋಗುತ್ತಿದ್ದಳು.

ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಅವಳಿಗೆ ದಿಗಿಲಾದದ್ದೂ ಅದಕ್ಕೇ. ವರ್ಷಗಟ್ಟಲೆ ಕಾಯಿಸುತ್ತಾರೆ ಎಂದು ಎಲ್ಲರೂ ಹೆದರಿಸಿದ್ದ ಹಿಂದಿನ ದೇಶದ ಪತ್ರ ಹತ್ತೇ ವಾರದಲ್ಲಿ ಬಂತು. ಸಿಮ್ಯುಲೇಟರಿಗೆ ದಿನ ಸಿಕ್ಕಿತು. ಪರೀಕ್ಷೆಗೆ ಜೊತೆಗಾರನೂ ಸಿಕ್ಕಿದ. ಅವನು ಹಳೇ ಕಂಪನಿಯಲ್ಲಿ ಕ್ಯಾಪ್ಟನ್ ಪಕ್ಕದಲ್ಲೇ ಕೂತು ಹಾರಿಸುತ್ತಿದ್ದ ಕೋ-ಪೈಲಟ್. ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾದಷ್ಟು ಉದ್ದ, ಅದಕ್ಕೇ ಎಲ್ಲರಿಗೂ ಲಂಬು. ಅವನೂ ಲೈಸೆನ್ಸ್ ಬದಲಾಯಿಸಿಕೊಳ್ಳಲು ಇಲ್ಲಿಗೆ ಬಂದಿದ್ದ. ಇಬ್ಬರೂ ಒಟ್ಟಿಗೆ ಪರೀಕ್ಷೆಗೆ ಕೂರಬೇಕು.

ಪರೀಕ್ಷೆಗೆ ಮೂರು ದಿನ ಮೊದಲು ಒಂದು ಭಾನುವಾರ ಲಂಬು ಮನೆಗೆ ಬಂದ. ಅಡುಗೆಮನೆಯ ಎರಡು ಕುರ್ಚಿಯನ್ನು ಹಜಾರದ ಗೋಡೆಯ ಮುಂದೆ ಜೋಡಿಸಿದರು. ಗೋಡೆಗೆ ವಿಮಾನದ ಒಳಗಿನ ಗುಂಡಿಗಳ ದೊಡ್ಡ ಚಿತ್ರ ಅಂಟಿಸಿದ್ದರು. ಇಬ್ಬರೂ ಅಕ್ಕಪಕ್ಕ ಕೂತು, ಇಲ್ಲದ ಹಿಡಿಕೆ ಹಿಡಿದು, ಬಾಯಲ್ಲೇ ವಿಮಾನ ಹಾರಿಸತೊಡಗಿದರು. ಅವಳು ಹಿಂದೆ ಸೋಫಾದಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಓಡುದಾರಿಯಲ್ಲಿ ವೇಗ ಎಂಬತ್ತು ಮುಟ್ಟಿದಾಗ ಪಕ್ಕದವನು "ಎಂಬತ್ತು" ಅನ್ನಬೇಕು, ಹಾರಿಸುವವನು "ಸರಿ" ಅನ್ನಬೇಕು. ಅದೇ ಕ್ರಮ.

"ಎಂಬತ್ತು," ಅಂದ ಲಂಬು.

ಸದ್ದಿಲ್ಲ.

ಕ್ಯಾಪ್ಟನ್ ತನ್ನನ್ನೇ ಪರೀಕ್ಷೆ ಮಾಡುತ್ತಿರಬೇಕು ಎಂದು ಲಂಬು ಮುಸಿನಕ್ಕ. "ಸರ್, ಎಂಬತ್ತು!"

ಕ್ಯಾಪ್ಟನ್ ಕಣ್ಣು ಗೋಡೆಯ ಮೇಲಿನ ಚಿತ್ರವನ್ನು ದಾಟಿ ಎಲ್ಲೋ ಇತ್ತು. ಬಲಗೈ ಮೆಲ್ಲಗೆ ಮೇಲೆದ್ದು ಅಂಗಿಯ ಗುಂಡಿಗೆ ಹೋಯಿತು. ಲಂಬುವಿನ ನಗು ಆರಿಹೋಯಿತು. "ನನ್ನ ಕಂಟ್ರೋಲ್," ಎಂದ ಸಣ್ಣ ದನಿಯಲ್ಲಿ, ಕೈಯನ್ನು ಇಲ್ಲದ ಹಿಡಿಕೆಯ ಮೇಲೆ ಗಟ್ಟಿಯಾಗಿ ಇಟ್ಟು. ಅವಳು ಮಡಿಸುತ್ತಿದ್ದ ಟವೆಲ್ಲನ್ನು ಎದೆಗೆ ಒತ್ತಿಕೊಂಡು ಗಡಿಯಾರ ನೋಡಿದಳು. ನಲವತ್ತು ಸೆಕೆಂಡು.

"ನೀನ್ಯಾಕೋ ಕಂಟ್ರೋಲ್ ತಗೊಂಡೆ?" ಎಂದು ಕ್ಯಾಪ್ಟನ್ ಗದರಿದ. "ಇನ್ನೂ ಎಂಬತ್ತು ಆಗಿಲ್ಲ."

ಲಂಬು ತಿರುಗಿ ಅವಳತ್ತ ನೋಡಿದ. ಹೊರಡುವಾಗ ಬೀಳ್ಕೊಡುವ ನೆಪದಲ್ಲಿ ಅವಳು ಮೆಟ್ಟಿಲವರೆಗೆ ಹೋದಳು.

"ಅಕ್ಕ, ಇದು ಮೊದಲನೇ ಸಲ ಅಲ್ಲ, ಅಲ್ವಾ?"

"ಅಲ್ಲ."

ಅವನು ಮೆಟ್ಟಿಲಿನ ಕಂಬಿ ಹಿಡಿದುಕೊಂಡ. "ನನಗೆ ಹಾರೋದು ಕಲಿಸಿದ್ದೇ ಅವರು. ಸಿಮ್ಯುಲೇಟರಲ್ಲಿ ಏನಾದ್ರೂ ಆದ್ರೆ ನಾನು ಸಂಭಾಳಿಸ್ತೀನಿ, ಅಲ್ಲಿ ಯಾರೂ ಸಾಯಲ್ಲ. ಆದ್ರೆ ಅದಾದ ಮೇಲೆ..." ಎಂದವನು ಮಾತು ನುಂಗಿ, ಎರಡೆರಡು ಮೆಟ್ಟಿಲು ಹಾರಿ ಇಳಿದುಹೋದ.

ಮಾರನೇ ದಿನ ಊಟದ ಬಿಡುವಿನಲ್ಲಿ ಅವಳು ಲಾಂಡ್ರಿಯ ಏಪ್ರನ್ ಬಿಚ್ಚಿಟ್ಟು ಡಾಕ್ಟರಮ್ಮನಲ್ಲಿಗೆ ಹೋದಳು. ಚೀಟಿಗಳು ಹೋಗಿದ್ದರೂ ಅಂಕಿಗಳೆಲ್ಲ ಬಾಯಿಪಾಠ. ಡಾಕ್ಟರಮ್ಮ ಮೊದಲೇ ಕೈ ಅಡ್ಡ ಹಿಡಿದರು.

"ನಿಮ್ಮ ಯಜಮಾನರ ವಿಷಯ ನಾನು ನಿಮ್ಮ ಹತ್ರ ಮಾತಾಡೋ ಹಾಗಿಲ್ಲ."

"ನೀವು ಮಾತಾಡ್ಬೇಡಿ. ನಾನು ಹೇಳ್ತೀನಿ, ಕೇಳಿಸ್ಕೊಳ್ಳಿ."

"ಕೇಳಿಸ್ಕೊಂಡ ಮೇಲೆ ಕೇಳಿಸ್ಲಿಲ್ಲ ಅನ್ನೋಕೆ ಆಗಲ್ಲಮ್ಮ. ಅದು ಗೊತ್ತಿರಲಿ."

ಗೊತ್ತಿದೆ ಅಂದಳು. ಹೇಳಿದಳು. ಬೆರಳು, ತುಟಿ, ಸೆಕೆಂಡು, ಸಿಗ್ನಲ್ಲು, ಲಂಬುವಿನ ಎಂಬತ್ತು. ಡಾಕ್ಟರಮ್ಮ ಬರೆದುಕೊಳ್ಳುತ್ತ ಹೋದರು. ನಡುವೆ ಒಂದೇ ಒಂದು ಸಲ ತಲೆಯೆತ್ತಿ, "ತುಟಿ ಚಪ್ಪರಿಸ್ತಾರಾ? ಸರಿಯಾಗಿ ನೋಡಿದೀರಾ?" ಎಂದು ಕೇಳಿದರು. ಹೌದೆಂದಾಗ ಪೆನ್ನು ಕೆಳಗಿಟ್ಟರು. ಹೇಳಿದವರ ಹೆಸರು ಗುಟ್ಟಾಗಿರಬೇಕೇ ಎಂದು ವಿಚಾರಿಸಿದರು.

"ಬೇಡ. ಹೆಂಡತಿ ಅಂತಲೇ ಬರೀರಿ."

ವಾಪಸು ಬಂದು ಸಂಜೆಯವರೆಗೆ ಏನೇನು ಇಸ್ತ್ರಿ ಮಾಡಿದಳೋ ಅವಳಿಗೆ ನೆನಪಿಲ್ಲ. ತಾನು ಮಾಡಿದ್ದು ಸರಿ ಎಂಬ ಸಮಾಧಾನ ಬರಬಹುದು ಎಂದು ಕಾದಳು. ಬರಲಿಲ್ಲ. ಬಂದದ್ದು ಹೆದರಿಕೆ ಮಾತ್ರ.

ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಫೋನು ಬಂತು. ಅವನು ಕಿಟಕಿಯ ಹತ್ತಿರ ನಿಂತು ಮಾತಾಡಿದ. ಮಾತಾಡಿದ ಅನ್ನುವುದಕ್ಕಿಂತ, ಹೌದು, ಹೌದು, ಯಾರು ಹೇಳಿದ್ದು, ಹೌದು, ಅಷ್ಟೇ. ಮೆದುಳಿನ ತಪಾಸಣೆ ಮುಗಿಯುವವರೆಗೆ ವೈದ್ಯಕೀಯ ಪತ್ರ ತಡೆಹಿಡಿಯಲಾಗಿದೆ, ನಾಳೆಯ ಪರೀಕ್ಷೆ ರದ್ದು, ಅಲ್ಲಿಯವರೆಗೆ ಕಾರನ್ನೂ ಮುಟ್ಟಬೇಡಿ. ಅವನು ಫೋನು ಇಟ್ಟು, ಅವಳ ಕಡೆ ನೋಡದೆ, ಮೊಳೆಗೆ ನೇತುಹಾಕಿದ್ದ ಕಾರಿನ ಕೀ ತೆಗೆದುಕೊಂಡ.

ಅವಳು ಓಡಿಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ದಾರಿ ಬಿಡು."

"ಕೀ ಕೊಡಿ. ಆಮೇಲೆ ಎಲ್ಲಿಗಾದ್ರೂ ಹೋಗಿ. ನಡ್ಕೊಂಡು ಹೋಗಿ."

"ಹದಿಮೂರು ಪೇಪರ್ ಬರೆಸಿದೋಳೂ ನೀನೇ, ಕುತ್ತಿಗೆ ಹಿಸುಕಿದೋಳೂ ನೀನೇ. ಏನು ಸಿಕ್ತು ನಿನಗೆ? ಹೇಳು, ಏನು ಸಿಕ್ತು?" ಅವನ ದನಿ ಏರುತ್ತಾ ಹೋಯಿತು. ಮೇಲಿನ ಮನೆಯವರು ಕುರ್ಚಿ ಸರಿಸಿದ್ದು ಕೇಳಿಸಿತು. ಅವನು ಅವಳ ಭುಜ ಹಿಡಿದು ಪಕ್ಕಕ್ಕೆ ಸರಿಸಲು ಕೈ ಚಾಚಿದ. ಅವಳು ಅಲುಗಲಿಲ್ಲ.

ಆಗ ಕೋಣೆಯಿಂದ ಮಗಳು ಬಂದಳು. ಅತ್ತು ಮೂಗು ಕೆಂಪಾಗಿತ್ತು. "ಅಪ್ಪ, ಅಮ್ಮನ್ನ ಬೈಬೇಡ. ಇದನ್ನ ನೋಡು ಮೊದಲು," ಎಂದು ಫೋನನ್ನು ಅವನ ಕೈಯಲ್ಲಿ ತುರುಕಿದಳು.

ಫ್ರಿಜ್ಜಿಗೆ ಒರಗಿಸಿ ತೆಗೆದ ವಿಡಿಯೋ. ನಾಲ್ಕು ತಿಂಗಳಿಂದ ಮಗಳೊಬ್ಬಳೇ ಇಟ್ಟುಕೊಂಡಿದ್ದಳು. ಯಾರಿಗೂ ತೋರಿಸಿರಲಿಲ್ಲ; ತೋರಿಸಿದರೆ ಅಪ್ಪನ ಕೆಲಸ ಹೋಗುತ್ತದೆ ಎಂದು ಅವಳಿಗೂ ಹೇಗೋ ಗೊತ್ತಾಗಿತ್ತು. ಪರದೆಯಲ್ಲಿ ಅಡುಗೆಮನೆ, ಚಹಾದ ಲೋಟ, ಮೇಜಿಗೆ ಮೊಣಕೈ ಊರಿ ಕೂತ ಕ್ಯಾಪ್ಟನ್. ಹೆಂಡತಿಯ ದನಿ ಪ್ರಶ್ನೆ ಓದುತ್ತದೆ. ಅವನು ಕೇಳುತ್ತಿರುವಂತೆಯೇ ಇದ್ದಾನೆ. ಹಾಗೆ ಇದ್ದಂತೆಯೇ ಮುಖದಿಂದ ಏನೋ ಹೊರಟುಹೋಗುತ್ತದೆ. ದೀಪ ಹೊತ್ತಿಸಿಟ್ಟು ಎಲ್ಲರೂ ಬಿಟ್ಟುಹೋದ ಮನೆಯ ಹಾಗೆ. "ರೀ," ಅನ್ನುತ್ತದೆ ಆ ದನಿ. ಬೆರಳು ಗುಂಡಿಗೆ ಹೋಗುತ್ತದೆ. "ರೀ, ನಿಮಗೇ ಹೇಳ್ತಿರೋದು." ಲೋಟದ ಹಬೆ ಮಾತ್ರ ಆಡುತ್ತಿರುತ್ತದೆ.

ಅವನು ಅದನ್ನು ಪೂರ್ತಿ ನೋಡಿದ. ಮತ್ತೆ ಮೊದಲಿನಿಂದ ನೋಡಿದ. ಮೂರನೇ ಸಲ ನೋಡುವಾಗ ಚಪ್ಪಲಿ ಇಡುವ ಗಿಡ್ಡ ಬೆಂಚಿನ ಮೇಲೆ ಕುಸಿದು ಕೂತ.

"ಇದು ನನಗೆ ಗೊತ್ತೇ ಇಲ್ಲ," ಅಂದ. "ಇಂಥದ್ದೊಂದು ಆಗಿದ್ದೇ ನನಗೆ ಗೊತ್ತಿಲ್ಲ ಕಣೇ."

ಆಮೇಲೆ ಇನ್ನೊಂದು ಮಾತು ಕೇಳಿದ. "ಹಳೇ ಕಂಪನೀಲಿ ಇರೋವಾಗ್ಲೂ ಆಗ್ತಿತ್ತಾ? ಜನ ಕೂತಿರೋವಾಗ?"

ಲಂಬುವನ್ನು ಕೇಳಿದರು. ನನಗೆ ನೆನಪಿಲ್ಲ ಸರ್ ಅಂದ ಅವನು, ಕೊಂಚ ತಡೆದು.

ಸ್ಕ್ಯಾನಿನಲ್ಲಿ ಎಡಗಡೆ ಕಪಾಲದ ಒಳಭಾಗದಲ್ಲಿ ದ್ರಾಕ್ಷಿಯಷ್ಟು ದಪ್ಪದ ಗಡ್ಡೆ ಕಂಡಿತು. ನಿಧಾನವಾಗಿ ಬೆಳೆಯುವಂಥದ್ದು, ಎರಡು ಮೂರು ವರ್ಷದ್ದಿರಬಹುದು ಎಂದರು. ಐದು ಗಂಟೆ ಶಸ್ತ್ರಚಿಕಿತ್ಸೆ ನಡೆಯಿತು. ಎಚ್ಚರವಾದ ಮೇಲೆ ಕೆಲವು ವಾರ ಅವನಿಗೆ ವಸ್ತುಗಳ ಹೆಸರು ಸಿಗುತ್ತಿರಲಿಲ್ಲ. ಚಮಚವನ್ನು ತೋರಿಸಿ "ಅದು, ಅದು" ಅನ್ನುವವನು, ಮೋಡಗಳ ಹೆಸರನ್ನು ಮಾತ್ರ ತಪ್ಪದೆ ಹೇಳುತ್ತಿದ್ದ. ಕ್ರಮೇಣ ಚಮಚವೂ ಬಂತು. ಹಾರಾಟ ಬರಲಿಲ್ಲ. ಹದಿಮೂರು ಪೇಪರಿನ ಫಲಿತಾಂಶ, ಹಿಂದಿನ ದೇಶದ ಪತ್ರ, ಎಲ್ಲವೂ ಇದ್ದ ಅರ್ಜಿ ಹದಿನೆಂಟನೇ ತಿಂಗಳ ಕೊನೆಯ ದಿನ ತಾನಾಗಿಯೇ ರದ್ದಾಯಿತು. ಅವತ್ತು ಅವನು ಹಾಸಿಗೆಯಿಂದ ಏಳಲಿಲ್ಲ. ಲಂಬು ಬೇರೊಬ್ಬರ ಜೊತೆ ಪರೀಕ್ಷೆ ಕೂತು ಪಾಸಾಗಿ ಕೆಲಸಕ್ಕೆ ಸೇರಿದ. ಸೀಟು ಕಾದಿರಿಸಿದ್ದ ಕಂಪನಿ ಕ್ಯಾಪ್ಟನ್ನಿಗೆ ನೆಲದ ಮೇಲೆ ಒಂದು ಕೆಲಸ ಕೊಟ್ಟಿತು: ಕಿಟಕಿ ಇಲ್ಲದ ಕೋಣೆಯಲ್ಲಿ ಕೂತು ಯಾವ ವಿಮಾನ ಯಾವ ದಾರಿ ಹಿಡಿಯಬೇಕು, ಎಷ್ಟು ಇಂಧನ ತುಂಬಬೇಕು ಎಂದು ಯೋಜನೆ ಹಾಕುವುದು. ಸಂಬಳ ಪೈಲಟ್ಟಿನದರ ಮೂರನೇ ಒಂದು ಭಾಗ. ಹೋಗುತ್ತಾನೆ, ಬರುತ್ತಾನೆ. ಅಲ್ಲಿಯವರು ಈಗಲೂ ಕ್ಯಾಪ್ಟನ್ ಎಂದೇ ಕರೆಯುತ್ತಾರಂತೆ. ಬೇಡ ಅಂದರೂ ಕೇಳುವುದಿಲ್ಲವಂತೆ.

ಅವನು ಹೆಂಡತಿಗೆ ಕ್ಷಮಿಸು ಅನ್ನಲಿಲ್ಲ, ಒಳ್ಳೇದು ಮಾಡಿದೆ ಅಂತಲೂ ಅನ್ನಲಿಲ್ಲ. ಅವಳೂ ಕೇಳಲಿಲ್ಲ. ಕಾರು ವರ್ಷಗಟ್ಟಲೆ ನಿಂತರೆ ಹಾಳಾಗುತ್ತದೆಂದು ಅವಳು ಡ್ರೈವಿಂಗ್ ಕಲಿಯಲು ಸೇರಿದಳು. ಮೊದಲ ಪರೀಕ್ಷೆಯಲ್ಲಿ ಕಲ್ಲುಗೋಡೆಗೆ ತಾಗಿಸಿ ಫೇಲಾದಳು, ಎರಡನೆಯದರಲ್ಲಿ ಪಾಸಾದಳು.

ಶಸ್ತ್ರಚಿಕಿತ್ಸೆಯ ಮೇಲೆ ಆರು ತಿಂಗಳಿಗೊಮ್ಮೆ ಮಾಡಿಸಬೇಕಿದ್ದ ಸ್ಕ್ಯಾನಿಗೆ ಅವನನ್ನು ಕರೆದೊಯ್ದದ್ದು ಅವಳೇ. ದೊಡ್ಡ ರಸ್ತೆಗೆ ಅವಳು ಇಳಿದದ್ದು ಅವತ್ತೇ ಮೊದಲು. ಪಕ್ಕದಲ್ಲಿ ಲಾರಿಗಳು ಬುಸುಗುಡುತ್ತ ಹಾದುಹೋಗುತ್ತಿದ್ದವು, ಅಂಗೈ ಬೆವೆತು ಸ್ಟೇರಿಂಗು ಜಾರುತ್ತಿತ್ತು. ಅವನು ಮಂಡಿಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದ. ದಾರಿಯುದ್ದಕ್ಕೂ ನಿಧಾನ ಅನ್ನಲಿಲ್ಲ, ಬ್ರೇಕು ಅನ್ನಲಿಲ್ಲ. ಆಸ್ಪತ್ರೆಯ ಅಂಗಳದಲ್ಲಿ ಎರಡು ಗೆರೆಗಳ ನಡುವೆ ಕಾರು ಸೊಟ್ಟಗೆ ನಿಂತ ಮೇಲೆ ಬಾಯಿಬಿಟ್ಟ.

"ಆವತ್ತು ಡಾಕ್ಟರ್ ಹತ್ರ ನನಗೆ ಹೇಳ್ದೆ ಯಾಕೆ ಹೋದೆ?"

"ಹೇಳಿದ್ರೆ ಹೋಗೋಕೆ ಬಿಡ್ತಿದ್ರಾ?"

ಅವನು ಸೀಟಿನ ಬೆಲ್ಟು ಬಿಚ್ಚಿದ.

"ಇಲ್ಲ," ಅಂದ. ಬಾಗಿಲು ತೆಗೆದುಕೊಂಡು ಇಳಿದ.

ಸ್ಕ್ಯಾನು ಮುಗಿದು ಫಲಿತಾಂಶಕ್ಕೆ ಎರಡು ಗಂಟೆ ಕಾಯಬೇಕಾಯಿತು. ಡಾಕ್ಟರು ಚಿತ್ರವನ್ನು ದೀಪದ ಮುಂದೆ ಹಿಡಿದು, ಅದರಲ್ಲಿ ಒಂದು ಜಾಗವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿ, "ಸದ್ಯಕ್ಕೆ ಏನೂ ಇಲ್ಲ," ಅಂದರು. ಮುಂದಿನ ಸ್ಕ್ಯಾನು ಆರು ತಿಂಗಳಿಗೆ ಬೇಡ, ಮೂರೇ ತಿಂಗಳಿಗೆ ಬನ್ನಿ ಎಂದು ಚೀಟಿಯಲ್ಲಿ ದಿನಾಂಕ ಬರೆದು ಅವಳ ಕೈಗೆ ಕೊಟ್ಟರು.